ಅರ್ಜೆಂಟ್ ಬಾಡಿಗೆ ಮತ್ತು ನಿದ್ದೆ ಇಲ್ಲದ ರಾತ್ರಿಗಳು

(ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಕುಟುಂಬದ ಒಪ್ಪಿಗೆ ಇದೆ.)

ಅವರನ್ನು ಮಲ್ಲಣ್ಣ ಎನ್ನೋಣ. ಬಳ್ಳಾರಿಯವರು, ವಯಸ್ಸು ಮೂವತ್ತೈದರ ಆಸುಪಾಸು. ಸಾಲ ಮಾಡಿ ಟಾಟಾ ಏಸ್ ಎಂಬ ಸಣ್ಣ ಗೂಡ್ಸ್ ಗಾಡಿ ಕೊಂಡಿದ್ದರು. ಮಳೆಗೆ ಮಾಲು ನೆನೆಯಬಾರದೆಂದು ಹಿಂದೆ ಮುಚ್ಚಿದ ಬಾಡಿ ಕಟ್ಟಿಸಿದ್ದರು. ಮಾಡುತ್ತಿದ್ದದ್ದು ಅರ್ಜೆಂಟ್ ಬಾಡಿಗೆ. ತೋರಣಗಲ್ಲು ಕಡೆ ಯಾವುದೋ ಮಷೀನು ನಿಂತರೆ ಬೆಂಗಳೂರಿನ ಪೀಣ್ಯದಿಂದ ಬೇರಿಂಗ್ ತರಬೇಕು. ಸಿರುಗುಪ್ಪದ ರೈಸ್ ಮಿಲ್ಲಿಗೆ ಭತ್ತದ ಹೊಟ್ಟು ಬಿಡಿಸುವ ರಬ್ಬರ್ ರೋಲ್ ತಲುಪಿಸಬೇಕು. ಏಜೆಂಟ್ ಯಾವ ಹೊತ್ತಿಗೆ ಫೋನ್ ಮಾಡಿದರೂ ಇವರು ಹೊರಟುಬಿಡುತ್ತಿದ್ದರು.

ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದವರು ಅವರ ಹೆಂಡತಿ. "ಊಟಕ್ಕ ಕುಂತ್ರೂ ಕಣ್ಣು ಫೋನ್ ಮ್ಯಾಲೇ ಇರ್ತಾವ್ರೀ ಮೇಡಂ. ಮಗಳು ಮಾತಾಡ್ಸಿದ್ರ ಸಿಡುಕ್ತಾರ" ಎಂದರು. ಮಲ್ಲಣ್ಣ ತಲೆ ಎತ್ತಲಿಲ್ಲ. "ನಂಗ ಒಂದು ಕಾಯಂ ಕೆಲಸ ಸಿಗ್ಲಿರೀ, ಎಲ್ಲಾ ಸರಿಹೋಗ್ತೈತಿ" ಎಂದಷ್ಟೇ ಹೇಳಿದರು.

ಕಳೆದ ವಾರ ಎಲ್ಲೆಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ. ಆಗ ಮಾತು ಬಂತು. ಬೆಂಗಳೂರಿನಿಂದ ಮಾಲು ತುಂಬಿಕೊಂಡು ರಾತ್ರಿ ಹೊರಟಿದ್ದಾರೆ. ಹಿರಿಯೂರು ದಾಟಿ ಚಳ್ಳಕೆರೆ ಹತ್ತಿರ ಬಂದಾಗ ಬೆಳಗಿನ ಜಾವ. ಎಚ್ಚರವಾದಾಗ ಎಡಗಡೆಯ ಎರಡೂ ಚಕ್ರ ಡಾಂಬರು ಬಿಟ್ಟು ಮಣ್ಣಿಗೆ ಇಳಿದಿದ್ದವು. ಗಾಡಿ ನಿಲ್ಲಿಸಿ, ಮುಖಕ್ಕೆ ನೀರು ಹಾಕಿಕೊಂಡು, ಮತ್ತೆ ಹೊರಟಿದ್ದಾರೆ. ಹೆಂಡತಿಗೆ ಇದು ಗೊತ್ತೇ ಇರಲಿಲ್ಲ. ಅವರು ಅಳಲು ಶುರುಮಾಡಿದರು.

ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ಸಾಲ ಮತ್ತು ನಿದ್ದೆಗೇಡು ಎರಡೂ ಇರುವವರನ್ನು ಈ ಪ್ರಶ್ನೆ ಕೇಳದೆ ಬಿಡಬಾರದು. ಇಲ್ಲ ಎಂದರು. ಕುಡಿತವೂ ಇರಲಿಲ್ಲ. ರಾತ್ರಿ ಹೊತ್ತು ಮನಸ್ಸು ತೀರಾ ಕುಗ್ಗಿದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ನಂಬರ್ ಇಬ್ಬರಿಗೂ ಬರೆದುಕೊಟ್ಟೆ.

ಅಷ್ಟೊಂದು ಅವಸರ ಯಾಕೆ ಎಂದಾಗ, "ಇ-ವೇ ಬಿಲ್ ಮುಗೀತೈತಿ, ಬೆಳಗಾಗೋದ್ರಾಗ ಬಾ ಅಂತಾನ್ರೀ ಏಜೆಂಟ್" ಎಂದರು. ಇ-ವೇ ಬಿಲ್ ಅಂದರೆ ಮಾಲು ಸಾಗಿಸಲು ಜಿಎಸ್‌ಟಿಯವರ ಆನ್‌ಲೈನ್ ಚೀಟಿ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇದು ಬೇಕು, ನಿಜ. ಆದರೆ ಇದರ ಗಡುವು 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಬೆಂಗಳೂರಿನಿಂದ ಬಳ್ಳಾರಿ 300 ಕಿ.ಮೀ. ಮೇಲೆ, ಅಂದರೆ ಎರಡು ದಿನ ಸಿಗುತ್ತದೆ. ಹಿರಿಯೂರಿನಲ್ಲಿ ಗಾಡಿ ಹಾಕಿ ನಾಲ್ಕು ತಾಸು ಮಲಗಿದರೆ ಬಿಲ್ಲಿಗೆ ಏನೂ ಆಗುವುದಿಲ್ಲ. ಇಷ್ಟು ದಿನ ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ. ಒಬ್ಬನ ಜೀವಕ್ಕೆ ಸಂಬಂಧಪಟ್ಟ ವಿಷಯ ಇದು, ನನಗೆ ನಿಜಕ್ಕೂ ಸಂಕಟವಾಯಿತು.

ಮುಂದಿನ ಸಲ ಬರುವಾಗ ಪ್ರತಿ ಬಾಡಿಗೆಯ ಲೆಕ್ಕ ಬರೆದು ತನ್ನಿ ಎಂದಿದ್ದೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಹೆಂಡತಿಯೇ ಬರೆದಿದ್ದರು. ಡೀಸೆಲ್, ಟೋಲ್, ಕಮಿಷನ್, ಊಟ. ಪಕ್ಕದಲ್ಲಿ ಇನ್ನೊಂದು ಸಾಲು: ಕಾದ ಹೊತ್ತು. ಗೇಟ್ ಪಾಸಿಗೆ ಅರ್ಧ ದಿನ ನಿಂತಿದ್ದಕ್ಕೆ ಯಾರೂ ಒಂದು ರೂಪಾಯಿ ಕೊಟ್ಟಿರಲಿಲ್ಲ. ಬೆಂಗಳೂರಿನ ಬಾಡಿಗೆ ಕೇಳಲು ದೊಡ್ಡದು. ಆದರೆ ಒಂದು ದಾರಿ ಖಾಲಿ ಓಡಬೇಕು. ಎಲ್ಲ ಕಳೆದು ನೋಡಿದರೆ ಉಳಿದದ್ದು ಊರೊಳಗಿನ ಸಣ್ಣ ಬಾಡಿಗೆಗಿಂತ ಜಾಸ್ತಿಯೇನೂ ಇರಲಿಲ್ಲ. ಮಲ್ಲಣ್ಣ ಆ ಪುಟವನ್ನು ತುಂಬಾ ಹೊತ್ತು ನೋಡುತ್ತಾ ಕೂತರು.

ಆಗ ಹೆಂಡತಿ ಇನ್ನೊಂದು ವಿಷಯ ತೆಗೆದರು. ಜೀನ್ಸ್ ಯೂನಿಟ್ ನಡೆಸುವ ಪರಿಚಯದವರೊಬ್ಬರು ಆರು ತಿಂಗಳ ಹಿಂದೆಯೇ ಕೇಳಿದ್ದರಂತೆ. ಕತ್ತರಿಸಿದ ಬಟ್ಟೆಯನ್ನು ಹೊಲಿಯುವವರ ಮನೆಗಳಿಗೆ ಕೊಡುವುದು, ಹೊಲಿದ ಪ್ಯಾಂಟಿನ ಗಂಟುಗಳನ್ನು ವಾಷಿಂಗ್ ಯೂನಿಟ್ಟಿಗೆ ಹಾಕುವುದು, ತೊಳೆದ ಮಾಲನ್ನು ವಾಪಸ್ ತರುವುದು. ದಿನಾ ಬೆಳಗ್ಗೆ, ಸಂಜೆ. ಇವರು ಒಲ್ಲೆ ಎಂದಿದ್ದರು. "ಗಂಟು ಹೊರೋ ಕೆಲಸ ಅದು. ನಂದು ಲೈನ್ ಗಾಡಿ" ಎಂದರು ನನ್ನ ಮುಂದೆಯೂ.

ಹೈವೇಯಲ್ಲಿ ಓಡುವ ಗಾಡಿಗೆ ಒಂದು ಘನತೆ ಇದೆ ಎಂದು ಅವರಿಗೆ ಅನ್ನಿಸುತ್ತಿತ್ತು. ಅದನ್ನು ನಾನು ಅಲ್ಲಗಳೆಯಲಿಲ್ಲ. ತಿಂಗಳ ಕಂತು ಎಷ್ಟು, ಮನೆ ಖರ್ಚು ಎಷ್ಟು ಎಂದು ಕೇಳಿ ಅದೇ ನೋಟ್‌ಬುಕ್ಕಿನಲ್ಲಿ ಬರೆಸಿದೆ. ಜೀನ್ಸ್ ಓಡಾಟದಿಂದ ಕಂತು ಮತ್ತು ರೇಷನ್ ಹೊರಟುಹೋಗುತ್ತಿತ್ತು. ಹಾಗಾದಾಗ ಅರ್ಜೆಂಟ್ ಫೋನ್ ಬಂದರೆ ರೇಟು ಹೇಳುವ ಧೈರ್ಯ ಬರುತ್ತದೆ ಅಲ್ವಾ? ಈಗ ಕಂತಿನ ಭಯಕ್ಕೆ ಏಜೆಂಟ್ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದಾರೆ. ಅವಸರ ಮಾಲಿನವರದ್ದು, ಅದಕ್ಕೆ ಸುಮ್ನೆ ಮಾಮೂಲಿ ಬಾಡಿಗೆ ತೆಗೆದುಕೊಳ್ಳುತ್ತಿದ್ದವರು ಇವರು.

ಆಮೇಲೆ ಹೇಳಿದ ಮಾತುಗಳು ಇವು. ಹೊಸ ಗಿರಾಕಿ ಹುಡುಕಲು ಆ್ಯಪ್‌ಗಳನ್ನೇ ನೋಡುತ್ತಾ ಕೂರಬೇಡಿ. ಈವರೆಗೆ ಯಾರ ಮಾಲು ಸರಿಯಾದ ಹೊತ್ತಿಗೆ ಮುಟ್ಟಿಸಿದ್ದೀರೋ ಅವರ ಬಳಿ ನೇರವಾಗಿ ಹೋಗಿ, ಹಗಲಲ್ಲಿ, ಸ್ಟೋರ್ ನೋಡಿಕೊಳ್ಳುವವರನ್ನೇ ಕಂಡು ಮಾತಾಡಿ. ಭತ್ತದ ಸುಗ್ಗಿಯಲ್ಲಿ ಮಿಲ್ಲಿನ ರೋಲು ಬೇಗ ಸವೆಯುತ್ತದೆ. ಸುಗ್ಗಿಗೆ ಮುಂಚೆಯೇ ಮಿಲ್ಲಿನವರನ್ನು ಕೇಳಿದರೆ ಎರಡು ಮೂರು ಮಿಲ್ಲಿಗೆ ಒಂದೇ ಲೋಡಿನಲ್ಲಿ ತರಬಹುದು. ಮೂರು ತಾಸಿಗಿಂತ ಹೆಚ್ಚು ಕಾಯಿಸಿದರೆ ಇಷ್ಟು ಎಂದು ಮೊದಲೇ ವಾಟ್ಸಾಪಿನಲ್ಲಿ ಬರೆದು ಒಪ್ಪಿಸಿಕೊಳ್ಳಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪುಕ್ಕಟೆ, ಮಾಡಿಸಿ. ಸಣ್ಣ ಉದ್ಯಮದವರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ (ಸಣ್ಣ ಉದ್ಯಮಗಳ ಕಾಯ್ದೆ) ಹೇಳುತ್ತದೆ. ದೂರು ಕೊಡುವ ತನಕ ಎಳೆಯಬೇಡಿ, ಬಿಲ್ಲಿನ ಮೇಲೆ ತಾರೀಖು ಬರೆದು ನೆನಪಿಸುತ್ತಿರಿ. ದಿನಾ ಕೆಲಸ ಕೊಡುವವರ ಜೊತೆ ಜಗಳ ಕಟ್ಟಿಕೊಂಡರೆ ನಷ್ಟ ನಿಮಗೇ.

ರಾತ್ರಿ ಓಡಾಟದ ಬಗ್ಗೆ ಮಾತ್ರ ನಾನು ಬಿಗಿಯಾಗಿಯೇ ಇದ್ದೆ. ರಾತ್ರಿ ಎರಡರಿಂದ ಐದು ಗಂಟೆ ಸ್ಟೇರಿಂಗ್ ಹಿಡಿಯಬಾರದು. ಚಹಾ, ಗುಟ್ಕಾ ಆ ಹೊತ್ತಿನ ನಿದ್ದೆಯನ್ನು ತಡೆಯುವುದಿಲ್ಲ. ನನ್ನ ತಮ್ಮನಿಗೆ ಕಾರು ಓಡಿಸಲು ಬರುತ್ತದೆ, ಆದರೆ ಹಳದಿ ಬೋರ್ಡಿಗೆ ಬೇರೆ ಲೈಸೆನ್ಸ್ ಬೇಕಲ್ಲ ಎಂದರು ಮಲ್ಲಣ್ಣ. ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿಯನ್ನೂ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟಾಟಾ ಏಸ್ ಅದಕ್ಕಿಂತ ಎಷ್ಟೋ ಹಗುರ. ದೂರದ ಬಾಡಿಗೆ ಇದ್ದರೆ ತಮ್ಮನನ್ನು ಜೊತೆಗೆ ಕರೆದೊಯ್ಯಿರಿ, ಅವನಿಗೂ ಕೂಲಿ ಕೊಡಿ ಎಂದೆ.

ಜೀನ್ಸ್ ಓಡಾಟ ಶುರುವಾಗಿದೆ. ಮೊದಲ ವಾರ ಮುಖ ಸಿಂಡರಿಸಿಕೊಂಡೇ ಹೋದರಂತೆ. ಒಂದು ಮಿಲ್ಲಿನವರು ನೇರವಾಗಿ ಫೋನ್ ಮಾಡುತ್ತಿದ್ದಾರೆ. ಏಜೆಂಟಿನಿಂದ ಬರಬೇಕಾದ ಹಳೇ ಬಾಕಿ ಇನ್ನೂ ಪೂರ್ತಿ ಬಂದಿಲ್ಲ. ಫೋನು ಈಗ ರಾತ್ರಿ ಹನ್ನೊಂದರ ಮೇಲೆ ಹೆಂಡತಿಯ ಕೈಯಲ್ಲಿರುತ್ತದೆ, ತಡರಾತ್ರಿ ಬಂದ ಎರಡು ಬಾಡಿಗೆಗೆ "ಅವರು ಮಲಗ್ಯಾರ್ರೀ, ಬೆಳಿಗ್ಗೆ ಮಾಡ್ರಿ" ಎಂದು ಹೇಳಿದ್ದಾರೆ. ಅದರಲ್ಲೊಬ್ಬರು ಬೆಳಿಗ್ಗೆ ಮತ್ತೆ ಮಾಡಿದರು.