ಜೂನ್‌ನಲ್ಲಿ ಕಾರವಾರಕ್ಕೆ ಬರುವುದಾದರೆ

ಜರ್ಮನಿಯಿಂದ ಜೂನ್‌ನಲ್ಲೇ ಬಂದು ಕಾರವಾರದಲ್ಲಿ ಸಮುದ್ರದ ಹತ್ತಿರ ಬಾಡಿಗೆ ಮನೆ ಹಿಡಿಯಬಹುದೇ, ಏನೇನು ತರಬೇಕು ಎಂದು ಕೇಳಿದ್ದೀರಿ. ದಯವಿಟ್ಟು ಜೂನ್ ಬೇಡ, ಅಕ್ಟೋಬರ್ ಕೊನೆಗೆ ಬನ್ನಿ. ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ. ಚರ್ಮದ ಬೂಟು, ಪುಸ್ತಕ, ಕ್ಯಾಮೆರಾ ಲೆನ್ಸ್ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಲೆನ್ಸನ್ನು ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿಡಿ. ಪಾರ್ಟಿಕಲ್ ಬೋರ್ಡಿನ ಕಪಾಟು ತರಲೇಬೇಡಿ, ತೇವ ಹೀರಿ ಉಬ್ಬಿ ಸ್ಕ್ರೂ ಕಿತ್ತು ಬರುತ್ತದೆ.

ಮನೆ ನೋಡುವಾಗ ಪಡುವಣ ಗೋಡೆಯನ್ನೇ ಮೊದಲು ನೋಡಿ. ನೈಋತ್ಯದ ಗಾಳಿಮಳೆ ಹೊಡೆಯುವುದು ಅಲ್ಲಿಗೇ. ಗಿಲಾವು ಇಲ್ಲದ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ ನೀರು ಕುಡಿಯುತ್ತದೆ, ಅದರ ಒಳಬದಿಗೆ ಮಲಗುವ ಕೋಣೆ ಬೇಡ. ಏಪ್ರಿಲ್-ಮೇನಲ್ಲಿ ಬಾವಿ ನೀರು ಉಪ್ಪಾಗುತ್ತದೆಯೇ ಎಂದು ಅಕ್ಕಪಕ್ಕದವರನ್ನೂ ಕೇಳಿ. ಅಲೆಯ ಸದ್ದು ಕೇಳುವಷ್ಟು ಹತ್ತಿರವಿದ್ದರೆ ಉಪ್ಪುಗಾಳಿಗೆ ಎಸಿಯ ಹೊರಗಿನ ಕಾಯಿಲ್ ಬೇಗ ಸವೆಯುತ್ತದೆ. ಆಗಾಗ ಸಿಹಿನೀರಲ್ಲಿ ತೊಳೆಸಬೇಕು.

ವಿದ್ಯುತ್ ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಆದರೆ ಅಲ್ಲಿನ ದಪ್ಪ ಪ್ಲಗ್ಗಿಗೆ ಇಲ್ಲಿ ಅರ್ಥಿಂಗ್ ಸಿಗದು, ಮಿಕ್ಸರ್‌-ಇಸ್ತ್ರಿಪೆಟ್ಟಿಗೆಗೆ ಪ್ಲಗ್ಗನ್ನೇ ಬದಲಿಸಿ.

ನಿಮ್ಮ ಮನೆಯವರದು ಜರ್ಮನ್ ಪಾಸ್‌ಪೋರ್ಟ್, 180 ದಿನಕ್ಕೂ ಮೀರಿದ ವೀಸಾ ಎಂದಿದ್ದೀರಿ. ಬಂದ 14 ದಿನದೊಳಗೆ ಆನ್‌ಲೈನ್‌ನಲ್ಲಿ ವಿದೇಶಿಯರ ನೋಂದಣಿ ಮಾಡಿಸಿ. ಬಾಡಿಗೆ ಕರಾರು ಪತ್ರ ಆಗ ಬೇಕಾಗುತ್ತದೆ.