ಹಾಟ್ ಸೀಟಿನ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವು, ಉಳಿದವು ಘಟ್ಟದ ಮೇಲಿನವು. ಎಲ್ಲವೂ ಟಿವಿ ಕ್ವಿಜ್ ಕುರಿತೇ. ಕೆಳಗೆ ಬರುವ ಹಣದ ಅಂಕಿಗಳು ಹಿಂದಿಯ ಕೆಬಿಸಿಯಲ್ಲಿ (‘ಕೌನ್ ಬನೇಗಾ ಕರೋಡ್‌ಪತಿ’) ಹಲವು ಸೀಸನ್ ನಡೆದ ಏಣಿಯವು. ಬೇರೆ ಕಾರ್ಯಕ್ರಮದಲ್ಲಿ ಅಂಕಿ ಬೇರೆ ಇರಬಹುದು, ಲೆಕ್ಕ ಹಾಕುವ ಕ್ರಮ ಬದಲಾಗದು.

ಹತ್ತನೇ ಪ್ರಶ್ನೆ ದಾಟಿ 3,20,000 ಗೆದ್ದವರು ಹನ್ನೊಂದನೆಯದಕ್ಕೆ ‘ರಿಸ್ಕ್ ಬೇಡ’ ಎಂದು ಆಟ ಬಿಟ್ಟರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಮ್ಮ ಮಾವನವರು ಅದನ್ನೇ ಜಾಣತನ ಅನ್ನುತ್ತಾರೆ. ನನಗೇಕೋ ಹಾಗೆ ಕಾಣುವುದಿಲ್ಲ. — ಗೃಹಿಣಿ, ಕುಮಟಾ

ನೀವೇ ಸರಿ. ಮಾವನವರಿಗೆ ಬೇಸರವಾಗದ ಹಾಗೆ ಹೇಳಿ. ಆ ಏಣಿ ಹೀಗಿತ್ತು: 1,000, 2,000, 3,000, 5,000, 10,000, ಆಮೇಲೆ 20,000, 40,000, 80,000, 1,60,000, 3,20,000, ಅದರ ಮೇಲೆ 6,40,000, 12,50,000, 25 ಲಕ್ಷ, 50 ಲಕ್ಷ, 1 ಕೋಟಿ. ಇದರಲ್ಲಿ 10,000 ಮತ್ತು 3,20,000 ಗಟ್ಟಿ ಮೆಟ್ಟಿಲುಗಳು. ಅವನ್ನು ಮುಟ್ಟಿದವರು ಎಷ್ಟೇ ಜಾರಿದರೂ ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಹಾಗಾದರೆ ಹನ್ನೊಂದನೇ ಪ್ರಶ್ನೆಗೆ ಉತ್ತರ ತಪ್ಪಾದರೂ 3,20,000, ಆಟ ಬಿಟ್ಟರೂ 3,20,000. ಕಳೆದುಕೊಳ್ಳುವುದು ಏನೂ ಇಲ್ಲ. ಉತ್ತರ ಗೊತ್ತೇ ಇಲ್ಲದಿದ್ದರೂ ಕಣ್ಣು ಮುಚ್ಚಿ ಒಂದನ್ನು ಲಾಕ್ ಮಾಡಬೇಕು. ಆರನೇ ಪ್ರಶ್ನೆಗೂ ಇದೇ ಮಾತು. ಆದರೂ ಜನ ಬಿಟ್ಟು ಏಳುತ್ತಾರೆ. ತಪ್ಪು ಹೇಳಿ ಹೊರಬಿದ್ದರೆ ಊರಲ್ಲಿ ಏನಂದಾರು ಎಂಬ ಅಳುಕು ಅದಕ್ಕೆ ಕಾರಣ.

ಉಳಿದ ಮೆಟ್ಟಿಲುಗಳಿಗೆ ಒಂದು ಸಣ್ಣ ಭಾಗಾಕಾರ ಸಾಕು. ಕೈಯಲ್ಲಿರುವ ಹಣದಿಂದ ಜಾರಿದರೆ ಉಳಿಯುವ ಹಣ ಕಳೆಯಿರಿ. ಗೆದ್ದರೆ ಸಿಗುವ ಹಣದಿಂದಲೂ ಅದನ್ನೇ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಅಂಕಿಗಿಂತ ನಿಮ್ಮ ಖಾತ್ರಿ ಹೆಚ್ಚಿದ್ದರೆ ಆಡುವುದು ಲಾಭ. ಹತ್ತನೇ ಪ್ರಶ್ನೆಗೆ ಕೈಯಲ್ಲಿ 1,60,000, ಜಾರಿದರೆ 10,000, ಗೆದ್ದರೆ 3,20,000. ಒಂದೂವರೆ ಲಕ್ಷವನ್ನು ಮೂರು ಲಕ್ಷ ಹತ್ತು ಸಾವಿರದಿಂದ ಭಾಗಿಸಿದರೆ ಸುಮಾರು ಶೇ. 48. ಹನ್ನೆರಡನೆಯದಕ್ಕೆ ಇದು ಶೇ. 34 ಮಾತ್ರ. ಹದಿಮೂರಕ್ಕೆ 43, ಹದಿನಾಲ್ಕಕ್ಕೆ 47, ಹದಿನೈದಕ್ಕೆ 48. ಅಂದರೆ ಹತ್ತನೆಯದಕ್ಕಿಂತ ಹನ್ನೆರಡನೆಯದರಲ್ಲಿ ಧೈರ್ಯ ಮಾಡುವುದು ಸುಲಭ. ಟಿವಿಯಲ್ಲಿ ಕಾಣುವುದು ತಿರುಗುಮುರುಗು: ಹತ್ತರಲ್ಲಿ ನುಗ್ಗುತ್ತಾರೆ, ಹನ್ನೆರಡರಲ್ಲಿ ನಡುಗುತ್ತಾರೆ.

ಇದು ಬರೀ ಹಣದ ಲೆಕ್ಕ. ಮನೆಯ ಲೆಕ್ಕ ಬೇರೆ ಇದ್ದೀತು. ನಾಲ್ಕು ಲಕ್ಷದ ಸಾಲ ತೀರಿಸಲೇಬೇಕಾದವರಿಗೆ 6,40,000 ಕೈಗೆ ಬಂದ ಮೇಲೆ ಶೇ. 34ರ ಆಟ ಬೇಡ. ಅವರು ಶೇ. 65-70 ಖಾತ್ರಿಗೆ ಕಾಯಲಿ. ಆದರೆ ಆ ಗಡಿಯನ್ನು ಮನೆಯಲ್ಲಿ ಕೂತು, ಕಾಗದದ ಮೇಲೆ, ಮೊದಲೇ ಬರೆದಿರಬೇಕು. ಲೈಟಿನ ಕೆಳಗೆ ಕೂತವರ ಬಾಯಲ್ಲಿ ‘ನನ್ನ ಮನಸ್ಸು ಹೇಳ್ತಿದೆ’ ಎಂಬ ಮಾತು ಬಂದರೆ ಅಲ್ಲಿ ಲೆಕ್ಕ ನಡೆಯುತ್ತಿಲ್ಲ ಎಂದೇ ತಿಳಿಯಿರಿ.

ಶೇ. 70 ಖಾತ್ರಿ, 80 ಖಾತ್ರಿ ಎಂದು ಸ್ಪರ್ಧಿಗಳು ಹೇಳುತ್ತಾರಲ್ಲ, ಅದನ್ನು ಅಳೆಯುವುದು ಹೇಗೆ? — ಉಪನ್ಯಾಸಕರು, ಕಾರವಾರ

ಅಭ್ಯಾಸದ ಹೊತ್ತಿನಲ್ಲಿ ಪ್ರತಿ ಉತ್ತರದ ಪಕ್ಕ ನಿಮ್ಮ ಖಾತ್ರಿಯನ್ನು 50, 60, 70, 80, 90 ಎಂದು ಬರೆಯಿರಿ. ಸರಿಯುತ್ತರ ನೋಡುವ ಮೊದಲೇ ಬರೆಯಬೇಕು. ಇನ್ನೂರು ಪ್ರಶ್ನೆ ಮುಗಿದ ಮೇಲೆ ‘80’ ಎಂದು ಬರೆದವುಗಳಲ್ಲಿ ನೂರಕ್ಕೆ ಎಷ್ಟು ಸರಿ ಎಂದು ಎಣಿಸಿ. 60 ಬಂದರೆ ನಿಮ್ಮ 80 ಅಂದರೆ ನಿಜಕ್ಕೆ 60. ವಿಷಯವಾರು ಎಣಿಸಿದರೆ ಇನ್ನೂ ಒಳ್ಳೆಯದು. ಸಿನಿಮಾ, ಕ್ರಿಕೆಟ್ಟಿನಲ್ಲಿ ಜನ ತಮ್ಮನ್ನು ಅತಿಯಾಗಿ ನಂಬುತ್ತಾರೆ, ವಿಜ್ಞಾನದಲ್ಲಿ ಗೊತ್ತಿದ್ದೂ ಹಿಂಜರಿಯುತ್ತಾರೆ. ಈ ಎಣಿಕೆ ಇಲ್ಲದಿದ್ದರೆ ಮೇಲಿನ ಭಾಗಾಕಾರಕ್ಕೆ ಅರ್ಥವಿಲ್ಲ.

ಲೈಫ್‌ಲೈನ್‌ಗಳನ್ನು (ಉತ್ತರಕ್ಕೆ ಸಿಗುವ ನೆರವುಗಳನ್ನು) ಕೊನೆಯವರೆಗೆ ಉಳಿಸಿಕೊಳ್ಳಬೇಕು ಅಂತ ಅಪ್ಪಯ್ಯ ಹೇಳ್ತಾರೆ. ಯಾವುದನ್ನು ಯಾವಾಗ ಬಳಸಬೇಕು? — ಬಿ.ಎ. ವಿದ್ಯಾರ್ಥಿನಿ, ಶಿರಸಿ

1999ರ ನವೆಂಬರಿನಲ್ಲಿ ಇದೇ ಆಟದ ಅಮೆರಿಕದ ಆವೃತ್ತಿಯಲ್ಲಿ ಮೊದಲು ಹತ್ತು ಲಕ್ಷ ಡಾಲರ್ ಗೆದ್ದ ಜಾನ್ ಕಾರ್ಪೆಂಟರ್ ಕೊನೆಯ ಪ್ರಶ್ನೆಯವರೆಗೆ ಒಂದೂ ಲೈಫ್‌ಲೈನ್ ಮುಟ್ಟಲಿಲ್ಲ. ಕೊನೆಗೆ ತಂದೆಗೆ ಫೋನ್ ಮಾಡಿದ್ದೂ ಉತ್ತರ ಕೇಳಲಿಕ್ಕಲ್ಲ, ತಾನು ಗೆಲ್ಲುತ್ತಿದ್ದೇನೆ ಎಂದು ಹೇಳಲಿಕ್ಕೆ. ಅದನ್ನು ನೋಡಿ ಉಳಿಸಿಡುವವರು ಎಷ್ಟೋ ಜನ. ಬಳಸದ ಲೈಫ್‌ಲೈನಿಗೆ ಯಾರೂ ದುಡ್ಡು ಕೊಡುವುದಿಲ್ಲ. 80,000ದಿಂದ 3,20,000ದವರೆಗಿನ ಮೂರು ಪ್ರಶ್ನೆಗಳು ನಿಜವಾದ ಗಂಡಾಂತರ, ಯಾಕೆಂದರೆ ಅಲ್ಲಿ ಜಾರಿದರೆ 10,000ಕ್ಕೆ ಬೀಳುತ್ತೀರಿ. ಬಳಸುವುದಾದರೆ ಅಲ್ಲಿಯೇ. ಹತ್ತನೆಯದನ್ನು ದಾಟಿದರೆ ಹನ್ನೊಂದನೆಯದು ಹೇಗೂ ಬಿಟ್ಟಿ.

ಪ್ರೇಕ್ಷಕರ ಮತವನ್ನು ಮೊದಲು ಖರ್ಚು ಮಾಡಿ. ಅಮೆರಿಕದ ಆಟದ ಬಗ್ಗೆ ಸಾಮಾನ್ಯವಾಗಿ ಹೇಳುವ ಲೆಕ್ಕದಂತೆ ಪ್ರೇಕ್ಷಕರು ನೂರಕ್ಕೆ ಸುಮಾರು 91 ಸಲ ಸರಿ, ಫೋನಿನ ಗೆಳೆಯರು 65ರಷ್ಟು. ಆದರೆ ಪ್ರೇಕ್ಷಕರನ್ನು ಕೇಳುವುದು ಹೆಚ್ಚಾಗಿ ಕೆಳಗಿನ ಮೆಟ್ಟಿಲಿನಲ್ಲಿ ಎಂಬುದನ್ನು ಮರೆಯಬೇಡಿ. ಸಿನಿಮಾ, ಅಡುಗೆ, ಹಬ್ಬ, ಗಾದೆ ಇಂಥವಕ್ಕೆ ಸಭೆ ಗಟ್ಟಿ. ಸಂವಿಧಾನದ ವಿಧಿ, ಪ್ರಾಚೀನ ಶಾಸನ ಎಂದರೆ ಸಭೆಯೂ ಊಹಿಸುತ್ತದೆ. ಫಲಿತಾಂಶದಲ್ಲಿ ಒಂದು ಕಂಬ 70 ದಾಟಿದ್ದರೆ ನಂಬಿ. 36, 31, 22, 11 ಎಂದು ಚದುರಿದ್ದರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಇನ್ನೊಂದು: ಮತ ಹಾಕಿಸುವ ಮೊದಲು ‘ನನಗೆ ಬಿ ಅನ್ನಿಸುತ್ತೆ’ ಎಂದು ಬಾಯಿಬಿಡಬೇಡಿ. ಹೇಳಿದಿರೋ, ಅರ್ಧ ಸಭೆ ನಿಮ್ಮ ಊಹೆಯನ್ನೇ ನಿಮಗೆ ವಾಪಸು ಕೊಡುತ್ತದೆ.

ನಾಲ್ಕು ಆಯ್ಕೆಗಳಲ್ಲಿ ಎರಡು ತಪ್ಪನ್ನು ಅಳಿಸುವ ಫಿಫ್ಟಿ-ಫಿಫ್ಟಿ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಏನೂ ಗೊತ್ತಿಲ್ಲದಾಗ ಬಳಸಿದರೆ ಸರಿಯಾಗುವ ಸಾಧ್ಯತೆ 25ರಿಂದ 50ಕ್ಕೆ ಏರುತ್ತದೆ. ಎರಡು ಆಯ್ಕೆಗಳನ್ನು ನೀವೇ ಖಾತ್ರಿಯಾಗಿ ತಳ್ಳಿಹಾಕಿ, ಉಳಿದೆರಡರಲ್ಲಿ ತೂಗುತ್ತಿರುವಾಗ ಬಳಸಿದರೆ? ಕಂಪ್ಯೂಟರ್ ಯಾವುದೋ ಎರಡು ತಪ್ಪನ್ನು ಕುರುಡಾಗಿ ಅಳಿಸುವುದಾದರೆ, ಮೂರರಲ್ಲಿ ಎರಡು ಸಲ ನಿಮ್ಮನ್ನು ಕಾಡುತ್ತಿದ್ದ ತಪ್ಪು ಉತ್ತರವೇ ಹೋಗುತ್ತದೆ, ಆಗ ಉತ್ತರ ಖಚಿತ. ಒಟ್ಟು ಸಾಧ್ಯತೆ 50ರಿಂದ 83ಕ್ಕೆ ಜಿಗಿಯುತ್ತದೆ. ಹಾಗಾಗಿ ಅರ್ಧ ಗೊತ್ತಿರುವ ಪ್ರಶ್ನೆಗೇ ಅದು ಹೆಚ್ಚು ಉಪಯೋಗ. ಆದರೆ ಗೊಂದಲದ ಆಯ್ಕೆಯನ್ನು ಬೇಕೆಂದೇ ಉಳಿಸುವ ಕಾರ್ಯಕ್ರಮವಾದರೆ ಈ ಲಾಭ ಸಿಗದು. ನಾಲ್ಕಾರು ಹಳೆಯ ಕಂತು ನೋಡಿ ಉಳಿದ ಜೋಡಿ ಎಂಥದ್ದು ಎಂದು ಗುರುತುಹಾಕಿಕೊಂಡರೆ ಆ ಕಾರ್ಯಕ್ರಮದ ಜಾಡು ತಿಳಿಯುತ್ತದೆ.

ನನ್ನ ಫೋನ್ ಗೆಳೆಯರು ಇಬ್ಬರೂ ಜೋಯಿಡಾ ಕಡೆಯವರು. ಮಳೆ ಬಂದರೆ ನೆಟ್‌ವರ್ಕ್ ಇಲ್ಲ. ಏನು ಮಾಡಲಿ? — ಓದುಗರು, ಯಲ್ಲಾಪುರ

ಕರೆಂಟು ಹೋಗಿ ಬ್ಯಾಟರಿ ಮುಗಿದರೆ ಟವರ್ ಕೂಡ ಮಲಗುವ ಊರುಗಳವು. ರೆಕಾರ್ಡಿಂಗ್ ದಿನ ಅವರನ್ನು ದಾಂಡೇಲಿಗೋ ಹಳಿಯಾಳಕ್ಕೋ ಕಳಿಸಿ, ಸಿಗ್ನಲ್ ಗಟ್ಟಿ ಇರುವ ಒಬ್ಬರ ಮನೆಯಲ್ಲಿ ಕೂರಿಸಿ. ಲ್ಯಾಂಡ್‌ಲೈನ್ ಇದ್ದರೆ ಆ ನಂಬರ್ ಕೊಡಬಹುದೇ ಎಂದು ಕಾರ್ಯಕ್ರಮದವರನ್ನು ಮೊದಲೇ ಕೇಳಿ. ಗೆಳೆಯರನ್ನು ಆರಿಸುವಾಗಲೂ ಎಡವುತ್ತಾರೆ: ಪ್ರೀತಿಯ ಭಾವನನ್ನು ಹಾಕುತ್ತಾರೆ, ಭಾವನಿಗೆ ಬರುವುದೆಲ್ಲ ಇವರಿಗೂ ಬರುತ್ತದೆ. ನಿಮಗೆ ಬಾರದ್ದು ಬರುವವರು ಬೇಕು.

ಇರುವುದು 30 ಸೆಕೆಂಡು. ‘ಹಲೋ, ಹೇಗಿದ್ದೀಯ, ನಾನು ಹಾಟ್ ಸೀಟಲ್ಲಿದ್ದೇನೆ’ ಎನ್ನುವಷ್ಟರಲ್ಲಿ ಆರು ಸೆಕೆಂಡು ಹೋಯಿತು. ಪ್ರಶ್ನೆಯನ್ನು ತೆರೆಯ ಮೇಲಿದ್ದಂತೆ ಓದಬೇಡಿ, ಹಿಂಡಿ ಹೇಳಿ: ‘ಕೃಷ್ಣೆಗೆ ಸೇರದ ನದಿ — ಭೀಮಾ, ಹೇಮಾವತಿ, ಘಟಪ್ರಭಾ, ತುಂಗಭದ್ರಾ. ಸೇರದ್ದು ಯಾವುದು, ಎಷ್ಟು ಖಾತ್ರಿ?’ ಹತ್ತು ಸೆಕೆಂಡು ಸಾಕು. ಗೆಳೆಯ ‘ಹೇಮಾವತಿ, ಅದು ಕಾವೇರಿಗೆ ಹೋಗುತ್ತೆ, ನೂರಕ್ಕೆ ನೂರು’ ಅಂದರೆ ಮುಗಿಯಿತು. ‘ಅಲ್ಲದ್ದು’, ‘ಸೇರದ್ದು’ ಇಂಥ ಪದವನ್ನು ಎರಡು ಸಲ ಹೇಳಿ. ಕೆಟ್ಟ ಲೈನಿನಲ್ಲಿ ಮೊದಲು ನುಂಗಿಹೋಗುವುದು ಅದೇ. ಗಡಿಯಾರ ಇಟ್ಟುಕೊಂಡು ಹತ್ತು ಪ್ರಶ್ನೆ ಹೀಗೆ ಕೇಳಿ ಅಭ್ಯಾಸ ಮಾಡಿ.

ಫಾಸ್ಟೆಸ್ಟ್ ಫಿಂಗರ್‌ನಲ್ಲೇ ಹೊರಬೀಳುತ್ತಾರಲ್ಲ ಜನ? — ಓದುಗರು, ಅಂಕೋಲಾ

ಹಾಟ್ ಸೀಟಿಗೆ ಯಾರೆಂದು ಆರಿಸುವ ಈ ಸುತ್ತಿನಲ್ಲಿ ನಾಲ್ಕು ಆಯ್ಕೆಗಳನ್ನು ಎಲ್ಲರಿಗಿಂತ ಬೇಗ ಸರಿಯಾದ ಕ್ರಮಕ್ಕೆ ಜೋಡಿಸಬೇಕು. ನಾಲ್ಕನ್ನು ಜೋಡಿಸುವ ಕ್ರಮಗಳು 24. ಒಂದು ತುದಿ ಖಾತ್ರಿಯಾದರೆ 6 ಉಳಿಯುತ್ತವೆ, ಎರಡೂ ತುದಿ ಖಾತ್ರಿಯಾದರೆ 2. ಆದ್ದರಿಂದ ಮೊದಲನೆಯದನ್ನೂ ಕೊನೆಯದನ್ನೂ ಹುಡುಕಿ, ನಡುವಿನೆರಡನ್ನು ಆಮೇಲೆ ತೂಗಿ. ನಿಮ್ಮ ಜಿಲ್ಲೆಯಿಂದಲೇ ಶುರು ಮಾಡಿ. ನದಿಗಳು ಉತ್ತರದಿಂದ ದಕ್ಷಿಣಕ್ಕೆ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಕರಾವಳಿ ತಾಲ್ಲೂಕುಗಳು: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಈಗ ಇವನ್ನೇ ದಕ್ಷಿಣದಿಂದ ಉತ್ತರಕ್ಕೆ ಹೇಳಿ. ತಡವರಿಸಿದಿರಾ? ಕ್ರಮ ಗೊತ್ತಿದ್ದೂ ದಿಕ್ಕು ತಪ್ಪಿ ಒತ್ತುವವರು ಬಹಳ. ಪ್ರಶ್ನೆ ಬಂದ ಕೂಡಲೇ ‘ಹಳೆಯದರಿಂದ ಹೊಸದಕ್ಕೆ’, ‘ದೊಡ್ಡದರಿಂದ ಚಿಕ್ಕದಕ್ಕೆ’ ಎಂಬ ಭಾಗವನ್ನೇ ಮೊದಲು ಕಣ್ಣಿಗೆ ಹಾಕಿಕೊಳ್ಳಿ.

ದಪ್ಪ ಸಾಮಾನ್ಯ ಜ್ಞಾನದ ಪುಸ್ತಕ ಎರಡು ಸಲ ಓದಿದ್ದೇನೆ. ಆಡಿಷನ್ನಿನಲ್ಲಿ ಏನೂ ನೆನಪಾಗಲಿಲ್ಲ. — ಪದವಿ ವಿದ್ಯಾರ್ಥಿ, ಸಿದ್ದಾಪುರ

ಓದುವಾಗ ಉತ್ತರ ಕಣ್ಣೆದುರೇ ಇರುತ್ತದೆ, ಹಾಗಾಗಿ ಎಲ್ಲವೂ ಗೊತ್ತಿದೆ ಎನ್ನಿಸುತ್ತದೆ. ಪುಟ ಮುಚ್ಚಿ ಕೇಳಿಕೊಳ್ಳುವ ಅಭ್ಯಾಸ ಬೇಕು. ಒಂದು ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ ಬರೆಯಿರಿ. ಬರೆದ ಮರುದಿನ ಒಮ್ಮೆ, ಆಮೇಲೆ 3ನೇ, 7ನೇ, 15ನೇ, 30ನೇ ದಿನ ನೋಡಿ. ತಪ್ಪಿದ್ದು ಮತ್ತೆ ಮೊದಲ ದಿನಕ್ಕೆ. ದಿನಕ್ಕೆ 20 ಹೊಸ ಕಾರ್ಡು ಸಾಕು. 100 ಮಾಡಹೊರಟವರು ಎರಡನೇ ವಾರಕ್ಕೆ ಹಳೆಯವುಗಳ ರಾಶಿಯಡಿ ಸಿಕ್ಕಿಬೀಳುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು ಗೊಂದಲದ ವಹಿ. ಪ್ರಶ್ನೆ ಮಾಡುವವರು ಆಯ್ಕೆಗಳನ್ನು ಹುಡುಕುವುದು ಒಂದರಂತೆ ಒಂದು ಕಾಣುವ ಜೋಡಿಗಳಲ್ಲಿ. ಏಕೀಕರಣ 1956, ‘ಕರ್ನಾಟಕ’ ಹೆಸರು 1973. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ, ಏಕೀಕೃತ ರಾಜ್ಯದ ಮೊದಲಿಗರು ಎಸ್. ನಿಜಲಿಂಗಪ್ಪ, ಹೆಸರು ಬದಲಾದಾಗ ಡಿ. ದೇವರಾಜ ಅರಸು. ನಿಮ್ಮ ಸಿದ್ದಾಪುರದವರೇ ಜೋಗ ಜಲಪಾತವನ್ನು ತಮ್ಮ ತಾಲ್ಲೂಕಿಗೆ ಸೇರಿಸಿಬಿಡುತ್ತಾರೆ. ಅದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕು, ನದಿ ಶರಾವತಿ. ನಿಮ್ಮದು ಅಘನಾಶಿನಿಯ ಉಂಚಳ್ಳಿ. ಮಾಗೋಡು ಯಲ್ಲಾಪುರದ್ದು, ನದಿ ಬೇಡ್ತಿ. ಅದೇ ಕೆಳಗಿಳಿದು ಗಂಗಾವಳಿ. ಬನವಾಸಿ ಶಿರಸಿ ತಾಲ್ಲೂಕು, ಕೈಗಾ ಕಾರವಾರ ತಾಲ್ಲೂಕು. ಮದ್ರಾಸ್ ಪ್ರಾಂತ್ಯದಿಂದ ಉತ್ತರ ಕನ್ನಡ ಮುಂಬೈಗೆ ಹೋದದ್ದು 1862. ‘ನಮ್ಮೂರದ್ದು ತಾನೆ’ ಎಂದು ಓದದೆ ಬಿಟ್ಟ ಪ್ರಶ್ನೆಯಲ್ಲಿ ಎಡವಿದರೆ ಊರಿಗೆ ಮುಖ ತೋರಿಸುವುದು ಇನ್ನೂ ಕಷ್ಟ.

ರಾತ್ರಿ ಬಸ್ಸಿಳಿದು ನೇರವಾಗಿ ಬೆಂಗಳೂರಿನ ಸ್ಟುಡಿಯೋಕ್ಕೆ ಹೋಗಬೇಡಿ. ಒಂದು ದಿನ ಮೊದಲೇ ತಲುಪಿ, ನಿದ್ದೆ ಮಾಡಿ.

ಬಜರ್ ಸುತ್ತಿನಲ್ಲಿ ಮೊದಲು ಒತ್ತಿ ಆಮೇಲೆ ಯೋಚಿಸಬಹುದೇ? — ಪಿಯು ವಿದ್ಯಾರ್ಥಿಗಳ ತಂಡ, ಹೊನ್ನಾವರ

ಅಂಕ ನೋಡಿ. ಸರಿಗೆ 10, ತಪ್ಪಿಗೆ 5 ಕಡಿತವಾದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಖಾತ್ರಿ ಇದ್ದರೆ ಒತ್ತಬಹುದು. 10ಕ್ಕೆ 10 ಕಡಿತವಾದರೆ ಅರ್ಧಕ್ಕಿಂತ ಹೆಚ್ಚು ಬೇಕು. ಕನ್ನಡದ ಪ್ರಶ್ನೆಯಲ್ಲಿ ‘ಯಾವುದು, ಯಾರು’ ಬರುವುದು ಕೊನೆಗೆ, ಹಾಗಾಗಿ ಅವಸರಕ್ಕೆ ಇಲ್ಲಿ ದಂಡ ಜಾಸ್ತಿ. ‘ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಇದೆ...’ ಎನ್ನುವಾಗಲೇ ಒತ್ತಿ ‘ಜೋಯಿಡಾ’ ಅಂದವರಿಗೆ ಪ್ರಶ್ನೆಯ ಬಾಲ ಕೇಳಿಸಿರುವುದಿಲ್ಲ: ‘...ಅದೇ ನದಿಯ ದಂಡೆಯ ಅಣುವಿದ್ಯುತ್ ಕೇಂದ್ರ ಯಾವುದು?’ ಪ್ರಶ್ನೆ ಮುಗಿಯುವ ಮೊದಲು ಒತ್ತಿದರೆ ಬಜರ್ ಕೆಲಸ ಮಾಡದ ಆಟಗಳೂ ಇವೆ. ಅಮೆರಿಕದ ‘ಜೆಪರ್ಡಿ’ಯಲ್ಲಿ ಅವಸರಪಟ್ಟವರ ಬಜರ್ ಕಾಲು ಸೆಕೆಂಡು ಸತ್ತಿರುತ್ತದೆ, ಅಷ್ಟರಲ್ಲಿ ಪಕ್ಕದವರು ಒತ್ತಿರುತ್ತಾರೆ.

ಗೆದ್ದ ಹಣ ಪೂರ್ತಿ ಕೈಗೆ ಬರುತ್ತದೆಯೇ? — ಓದುಗರು, ಹಳಿಯಾಳ

ಇಲ್ಲ. ಬಹುಮಾನ ಸೇರಿ ವರ್ಷದ ಆದಾಯ 50 ಲಕ್ಷ ದಾಟದಿದ್ದರೆ ಬಹುಮಾನದ ಮೇಲೆ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್, ಒಟ್ಟು ಶೇ. 31.2. 3,20,000ಕ್ಕೆ 99,840 ಹೋಗಿ 2,20,160 ಉಳಿಯುತ್ತದೆ. ಬೇರೆ ಆದಾಯ ಇಲ್ಲವೆಂದರೂ, ತೆರಿಗೆ ಇಲ್ಲದ ಮಿತಿಯೊಳಗಿದ್ದರೂ ಇದರಲ್ಲಿ ರಿಯಾಯಿತಿ ಇಲ್ಲ; ಪ್ರಯಾಣದ ಖರ್ಚನ್ನೂ ಕಳೆಯುವಂತಿಲ್ಲ. ಸಾಲ ತೀರಿಸುವ ಗಡಿ ಬರೆಯುವಾಗ ಈ ಉಳಿದ ಅಂಕಿಯನ್ನೇ ಹಿಡಿಯಿರಿ.

‘ಕೆಬಿಸಿ ಲಾಟರಿಯಲ್ಲಿ 25 ಲಕ್ಷ ಬಂದಿದೆ’ ಎಂದು ವಾಟ್ಸಾಪ್ ಬಂದಿದೆ. ಮೊದಲು ತೆರಿಗೆ ಕಟ್ಟಬೇಕಂತೆ. — ಓದುಗರು, ಭಟ್ಕಳ

ಮೋಸ. ತೆರಿಗೆಯನ್ನು ಬಹುಮಾನದಿಂದಲೇ ಹಿಡಿಯುತ್ತಾರೆ, ಮುಂಗಡ ಕೇಳುವುದಿಲ್ಲ. ಆಡದ ಆಟದಲ್ಲಿ ಯಾರೂ ಗೆಲ್ಲುವುದೂ ಇಲ್ಲ. ಆಗಲೇ ಹಣ ಹಾಕಿದ್ದರೆ ಈಗಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ.