ನಡು ಸುಡುವುದು ಸುಲಭ, ಅಂಚೇ ಕಷ್ಟ

ನೀವು ಕೇಳಿದ್ದು ಇಷ್ಟು: ಚಿಕ್ಕಪ್ಪನ ಲಿವರ್‌ನಲ್ಲಿರುವ 3 ಸೆಂ.ಮೀ. ಕ್ಯಾನ್ಸರ್ ಗಡ್ಡೆಯನ್ನು ಸೂಜಿ ಹಾಕಿ ಸುಡುತ್ತಾರಂತೆ, ಆದರೂ ಅದೇ ಜಾಗದಲ್ಲಿ ಮತ್ತೆ ಬರಬಹುದಂತೆ. ಹಾಗಾದರೆ ಜಾಸ್ತಿ ಪವರ್ ಕೊಟ್ಟು ಪೂರ್ತಿ ಸುಟ್ಟುಬಿಡಬಾರದೇ?

ನಾನು ಡಾಕ್ಟರ್ ಅಲ್ಲ. ಇಂಥ ಸೂಜಿಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲವು ವರ್ಷ ದುಡಿದ ಎಂಜಿನಿಯರ್. ಬೆಳಿಗ್ಗೆ ಮಟನ್ ಅಂಗಡಿಯಿಂದ ಕುರಿ ಲಿವರ್ ತರುವುದು, ಬಿಸಿನೀರಿನಲ್ಲಿಟ್ಟು 37 ಡಿಗ್ರಿಗೆ ತರುವುದು, ಚುಚ್ಚಿ ಸುಡುವುದು, ಸೀಳಿ ಸ್ಕೇಲ್ ಇಟ್ಟು ಅಳೆಯುವುದು. ಅಂಗಡಿಯವರು ನಮ್ಮದು ಹೋಟೆಲ್ ಅಂದುಕೊಂಡಿದ್ದರು.

ನಿಮ್ಮ ಉಪಾಯವನ್ನು ನಾವೂ ಮಾಡಿ ನೋಡಿದ್ದೆವು. ಕೆಲಸ ಮಾಡುವುದಿಲ್ಲ. ಆರ್‌ಎಫ್‌ಎ, ಅಂದರೆ ರೇಡಿಯೋ ತರಂಗದ ಕರೆಂಟಿನಿಂದ ಸುಡುವ ವಿಧಾನದಲ್ಲಿ, ಸೂಜಿ ಕಾದ ಸಲಾಕೆಯಲ್ಲ. ಅದರ ತುದಿಯಿಂದ ತೊಡೆಗೆ ಅಂಟಿಸಿದ ಪ್ಯಾಡ್‌ವರೆಗೆ ಕರೆಂಟ್ ಹರಿಯುತ್ತದೆ, ತುದಿಯ ಸುತ್ತಲಿನ ಮಾಂಸ ತಾನೇ ಬಿಸಿಯಾಗುತ್ತದೆ. 60 ಡಿಗ್ರಿ ದಾಟಿದರೆ ಜೀವಕೋಶ ಕ್ಷಣದಲ್ಲೇ ಸಾಯುತ್ತದೆ. 50ರಲ್ಲಾದರೆ ಕೆಲವು ನಿಮಿಷ ಬೇಕು. 100 ದಾಟಿತೋ, ನೀರೆಲ್ಲ ಆವಿಯಾಗಿ ಸೂಜಿಯ ಸುತ್ತ ಕರಕಲು ಕಟ್ಟುತ್ತದೆ. ಕರಕಲಿನಲ್ಲಿ ಕರೆಂಟ್ ಹರಿಯುವುದಿಲ್ಲ. ಉರಿ ಜೋರು ಮಾಡಿದರೆ ರೊಟ್ಟಿ ಹೊರಗೆ ಕಪ್ಪು, ಒಳಗೆ ಹಸಿ ಆಗುತ್ತದಲ್ವಾ? ಇಲ್ಲಿ ಉಲ್ಟಾ, ಒಳಗೆ ಕಪ್ಪು, ಅಂಚು ಹಸಿ. ಅದಕ್ಕೇ ಸೂಜಿಯೊಳಗೆ ತಣ್ಣೀರು ಓಡಿಸುತ್ತಾರೆ. ಸುಡುವ ಸೂಜಿಗೆ ತಣ್ಣೀರೇ ಅಂತ ನಗಬೇಡಿ, ಸುಟ್ಟ ಜಾಗ ದೊಡ್ಡದಾಗುವುದೇ ಅದರಿಂದ.

ಇಡೀ ಗುದ್ದಾಟ ಈ ಅಂಚಿನದ್ದೇ. ಸ್ಕ್ಯಾನಿನಲ್ಲಿ ಕಾಣದ ಕ್ಯಾನ್ಸರ್ ಕೋಶಗಳು ಗಡ್ಡೆಯ ಆಚೆಗೂ ಇರಬಹುದು. ಹಾಗಾಗಿ ಸುತ್ತಲೂ 5ರಿಂದ 10 ಮಿ.ಮೀ. ಒಳ್ಳೆಯ ಮಾಂಸವನ್ನೂ ಸೇರಿಸಿ ಸುಡಬೇಕು. ಚಿಕ್ಕಪ್ಪನ ಗಡ್ಡೆಗೆ ಸುತ್ತಲೂ 10 ಮಿ.ಮೀ. ಅಂಚು ಸೇರಿಸಿದರೆ 5 ಸೆಂ.ಮೀ. ಉಂಡೆ ಆಯಿತು. ಅಗಲದಲ್ಲಿ ಎರಡು ಸೆಂಟಿಮೀಟರ್ ಅಷ್ಟೇ ಜಾಸ್ತಿ ಅನ್ನಿಸುತ್ತದೆ, ಆದರೆ ಸುಡಬೇಕಾದ ಮಾಂಸ ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ. ಸುಡಲು ಗಡ್ಡೆ 3 ಸೆಂ.ಮೀ. ಮೀರದಿದ್ದರೆ ಒಳ್ಳೆಯದು ಎಂಬ ಗಡಿಯನ್ನು ಡಾಕ್ಟರುಗಳು ಸುಮ್ನೆ ಹೇಳುವುದಿಲ್ಲ.

ನಮ್ಮ ಲ್ಯಾಬಿನ ಲಿವರ್‌ನಲ್ಲಿ ಉಂಡೆ ಯಾವಾಗಲೂ ದುಂಡಗೆ, ಚೆಂದವಾಗಿ ಬರುತ್ತಿತ್ತು. ಯಾಕೆಂದರೆ ಅದರಲ್ಲಿ ರಕ್ತ ಹರಿಯುತ್ತಿರಲಿಲ್ಲ. ಬದುಕಿರುವ ಲಿವರ್‌ನಲ್ಲಿ 3 ಮಿ.ಮೀ.ಗಿಂತ ದಪ್ಪದ ರಕ್ತನಾಳ ಪಕ್ಕದಲ್ಲಿದ್ದರೆ ಅದು ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಆ ಕಡೆ ಉಂಡೆ ತಗ್ಗಾಗುತ್ತದೆ. ಕ್ಯಾನ್ಸರ್ ಉಳಿದುಕೊಳ್ಳುವುದು ಹೆಚ್ಚಾಗಿ ಆ ತಗ್ಗಿನಲ್ಲೇ. 'ಇಷ್ಟು ವ್ಯಾಟ್, ಇಷ್ಟು ನಿಮಿಷ, ಇಷ್ಟು ಅಗಲ' ಎಂಬ ಚಾರ್ಟುಗಳಲ್ಲಿ ಹಲವು ಇಂಥ ಸತ್ತ ಲಿವರ್ ಮೇಲೆ ಮಾಡಿದವು. ನಾನೇ ಅಂಥದ್ದನ್ನು ಬರೆದುಕೊಟ್ಟಿದ್ದೇನೆ, ಈಗ ನೆನೆದರೆ ಕಸಿವಿಸಿ.

ಕರೆಂಟಿನ ಬದಲು ಸೂಜಿಯ ತುದಿಯಿಂದ ಮೈಕ್ರೋವೇವ್ ಅಲೆ ಬಿಟ್ಟು ಸುಡುವ ವಿಧಾನ ಇಲ್ಲಿ ಸ್ವಲ್ಪ ಮೇಲು. 915 ಮೆಗಾಹರ್ಟ್ಜ್ ಅಥವಾ 2.45 ಗಿಗಾಹರ್ಟ್ಜ್, ಎರಡನೆಯದು ಅಡುಗೆಮನೆಯ ಓವನ್ನಿನದ್ದೇ. ಕರಕಲಾದರೂ ಅಲೆ ನಿಲ್ಲುವುದಿಲ್ಲ, ಬೇಗ ಬಿಸಿಯಾಗುತ್ತದೆ, ರಕ್ತದ ಕಾಟ ಕಡಿಮೆ. ಹೆಪ್ಪುಗಟ್ಟಿಸುವ ಕ್ರಯೋದಲ್ಲಿ ಐಸ್ ಉಂಡೆ ಸಿಟಿ ಸ್ಕ್ಯಾನಿನಲ್ಲಿ ಕಾಣಿಸುವುದು ದೊಡ್ಡ ಅನುಕೂಲ. ಆದರೆ ಕಾಣುವ ಅಂಚು 0 ಡಿಗ್ರಿಯದ್ದು, ಅಲ್ಲಿ ಕೋಶ ಸಾಯುವುದಿಲ್ಲ. ಮೈನಸ್ 20ರಿಂದ ಮೈನಸ್ 40 ಬೇಕು. ಇನ್ನು ಶಾಖವೇ ಬೇಡದ ಹಿಸ್ಟೋಟ್ರಿಪ್ಸಿ ಇದೆ. ಹೊರಗಿನಿಂದ ಅಲ್ಟ್ರಾಸೌಂಡ್ ಬಿಟ್ಟು, ಗುಳ್ಳೆ ಎಬ್ಬಿಸಿ ಗಡ್ಡೆಯನ್ನು ಪುಡಿಮಾಡುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲಿವರ್ ಗಡ್ಡೆಗಳಿಗೆ ಒಪ್ಪಿಗೆ ಕೊಟ್ಟಿತು.

ಆದರೆ ನನ್ನ ಮಟ್ಟಿಗೆ ದೊಡ್ಡ ಸುಧಾರಣೆ ಹೊಸ ಯಂತ್ರವಲ್ಲ, ಅಳತೆ. ಸುಡುವ ಮೊದಲಿನ ಮತ್ತು ನಂತರದ ಸಿಟಿ ಸ್ಕ್ಯಾನ್‌ಗಳನ್ನು ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಇಟ್ಟು, ಅಂಚು ಎಲ್ಲಿ ತೆಳು ಎಂದು ನೋಡುತ್ತಾರೆ. ತೆಳುವಿದ್ದರೆ ರೋಗಿ ಮೇಜಿನಿಂದ ಇಳಿಯುವ ಮೊದಲೇ ಇನ್ನೊಮ್ಮೆ ಸುಡಬಹುದು. ಕಣ್ಣಂದಾಜಿನಲ್ಲಿ 'ಚೆನ್ನಾಗಾಗಿದೆ' ಅನ್ನುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ.

ಭಯ ಬೇಡ. ದೊಡ್ಡ ಕರುಳಿನಿಂದ ಲಿವರ್‌ಗೆ ಹರಡಿದ, 3 ಸೆಂ.ಮೀ. ಮೀರದ ಗಡ್ಡೆಗಳಿಗೆ ಸುಡುವುದು ಆಪರೇಷನ್ನಿಗಿಂತ ಕಡಿಮೆಯೇನಲ್ಲ ಎಂದು 2024ರಲ್ಲಿ ನೆದರ್‌ಲ್ಯಾಂಡ್ಸ್‌ನ ಕೊಲಿಷನ್ ಟ್ರಯಲ್ ತೋರಿಸಿತು. ಚಿಕ್ಕಪ್ಪನದ್ದು ಯಾವ ಬಗೆ ಎಂದು ಡಾಕ್ಟರನ್ನೇ ಕೇಳಿ. ಜೊತೆಗೆ ಇನ್ನೆರಡು ಮಾತು ಕೇಳಿ: ಗಡ್ಡೆಯ ಪಕ್ಕ ದಪ್ಪ ರಕ್ತನಾಳ ಇದೆಯಾ? ಸುಟ್ಟ ಮೇಲೆ ಅತಿ ತೆಳು ಅಂಚು ಎಷ್ಟು ಮಿಲಿಮೀಟರ್ ಎಂದು ಅಳೆದು ಹೇಳುತ್ತೀರಾ?